ಡ್ಯೂಟಿ ಬೋರ್ಡಿನ ಮುಂದೆ

ಪ್ರಿಯ ಗೆಳತಿ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡಿ. ಅದನ್ನು ಮೊದಲು ಅಪ್ಪನಿಗೆ ಓದಿ ಹೇಳಬೇಕು ಅನ್ನಿಸಿತು, ಅವರು ಊರಿಗೆ ಹೋಗಿದ್ದರು. ನನ್ನ ಬರಹಗಳನ್ನು ಓದಿ ಎರಡು ಸಾಲು ಬರೆಯುತ್ತಿದ್ದ ನೀವು ಈಗ ಸಾರಿಗೆ ನಿಗಮವೊಂದರ ಸಿಬ್ಬಂದಿ ಶಾಖೆಯಲ್ಲಿ ಕೂತಿದ್ದೀರಿ ಅನ್ನುವುದೇ ನನಗೊಂದು ಹಬ್ಬ. ಎರಡು ದಿನದ ತರಬೇತಿ ಮುಗಿಸಿ ಬಂದಿದ್ದೀರಿ, ಸಾಮಾಜಿಕ ಹೊಣೆಯುಳ್ಳ ಮಾನವ ಸಂಪನ್ಮೂಲ ಪದ್ಧತಿಗಳ ಬಗ್ಗೆ ಟಿಪ್ಪಣಿ ಬರೆದುಕೊಡಿ ಎಂದು ಮೇಲಿನವರು ಹೇಳಿದ್ದಾರೆ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ‘ನೀವು ಡ್ರೈವರ್ ಮಗಳು, ನಿಮಗೆ ಗೊತ್ತಿರುತ್ತದೆ’ ಎಂದೂ ಸೇರಿಸಿದ್ದೀರಿ. ಆ ಒಂದು ಸಾಲಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಡ್ಯೂಟಿ ಬೋರ್ಡಿನಿಂದ ಶುರುಮಾಡಿ. ನಮ್ಮ ಮನೆಯ ಬದುಕೂ ಅಲ್ಲಿಂದಲೇ ಶುರುವಾಗುತ್ತಿತ್ತು.

ನಾಳೆ ಯಾರಿಗೆ ಯಾವ ಶೆಡ್ಯೂಲು, ಎಷ್ಟು ಹೊತ್ತಿಗೆ ಗಾಡಿ ಡಿಪೋ ಬಿಡಬೇಕು, ಜೊತೆಗೆ ಕಂಡಕ್ಟರ್ ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಜೆ ಹಾಕುತ್ತಿದ್ದರು. ಸಂಜೆ ಅಂದರೆ ಐದಕ್ಕೂ ಆಗಬಹುದು, ಒಂಬತ್ತಕ್ಕೂ ಆಗಬಹುದು. ಲೈನಿನಿಂದ ಬಂದ ಅಪ್ಪ ಗಾಡಿ ಒಪ್ಪಿಸಿ, ಆ ಹಾಳೆ ಅಂಟಿಸುವುದನ್ನೇ ಕಾಯುತ್ತಾ ಗೋಡೆಗೊರಗಿ ನಿಂತಿರುತ್ತಿದ್ದರಂತೆ. ಬೆಳಗಿನ ನಾಲ್ಕೂವರೆಯ ಗಾಡಿಯಾದರೆ ಅಮ್ಮ ಮೂರಕ್ಕೆ ಎದ್ದು ಬುತ್ತಿ ಕಟ್ಟಬೇಕು. ನೈಟ್ ಹಾಲ್ಟ್ ಆದರೆ ಹೊದಿಕೆ, ಟವೆಲ್ಲು, ಮಾರನೇ ದಿನಕ್ಕೆ ಇನ್ನೊಂದು ಖಾಕಿ ಅಂಗಿ, ಸೊಳ್ಳೆಬತ್ತಿ. ನಮ್ಮ ಮನೆಗೆ ಹಬ್ಬ ಪಂಚಾಂಗ ನೋಡಿ ಬರುತ್ತಿರಲಿಲ್ಲ, ಬೋರ್ಡು ನೋಡಿ ಬರುತ್ತಿತ್ತು. ಯುಗಾದಿಯ ಹೋಳಿಗೆಯನ್ನು ವರ್ಷತೊಡಕಿನ ಸಂಜೆ ತಿಂದ ವರ್ಷಗಳಿವೆ. ನನ್ನ ಅಣ್ಣನ ನಾಮಕರಣದ ಪಟದಲ್ಲಿ ಅಪ್ಪ ಇಲ್ಲ. ನನ್ನದರಲ್ಲಿ ಇದ್ದಾರೆ, ಖಾಕಿಯಲ್ಲಿ.

ಅಜ್ಜಿ ತೀರಿಕೊಂಡ ದಿನದ್ದನ್ನು ನಿಮಗೆ ಹೇಳಲೇಬೇಕು. ಸುದ್ದಿ ಮಧ್ಯಾಹ್ನವೇ ಡಿಪೋಗೆ ಮುಟ್ಟಿತ್ತು. ಅಪ್ಪ ಲೈನಿನಲ್ಲಿದ್ದರು. ಮಧ್ಯದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಇಳಿಸಿ ಬೇರೆ ಡ್ರೈವರನ್ನು ಕೂರಿಸಬಹುದಿತ್ತು. ಆದರೆ ಸ್ಪೇರ್ ಡ್ರೈವರ್ ಇರಲಿಲ್ಲ, ಹೇಳಿದರೆ ಟ್ರಿಪ್ ಕಟ್ ಆಗುತ್ತದೆ. ಹಾಗಾಗಿ ಹೇಳಲಿಲ್ಲ. ರಾತ್ರಿ ಒಂಬತ್ತಕ್ಕೆ ಗಾಡಿ ಒಳಗೆ ಬಂದ ಮೇಲೆ ಹೇಳಿದರು. ಅಪ್ಪ ಊರು ಮುಟ್ಟುವಾಗ ಮಣ್ಣು ಮುಗಿದಿತ್ತು. ಆ ಡಿಪೋ ಯಾವುದು, ಅಂದು ಅಲ್ಲಿ ಯಾರಿದ್ದರು ಅನ್ನುವುದು ಬೇಡ. ಅಪ್ಪ ಇವತ್ತಿಗೂ ಯಾರನ್ನೂ ಬೈಯುವುದಿಲ್ಲ. ‘ಸ್ಪೇರ್ ಇರಲಿಲ್ಲಮ್ಮ, ಅವರಾದರೂ ಏನು ಮಾಡುತ್ತಾರೆ’ ಎನ್ನುತ್ತಾರೆ.

ಗೆಳತಿ, ಆ ಮಾತನ್ನು ನಾನು ಚಿಕ್ಕವಳಿದ್ದಾಗ ಒಪ್ಪಿಕೊಂಡಿದ್ದೆ, ಈಗ ಒಪ್ಪುವುದಿಲ್ಲ. ನೂರು ಶೆಡ್ಯೂಲಿಗೆ ಎಷ್ಟು ಜನ ಡ್ರೈವರುಗಳನ್ನು ಇಟ್ಟುಕೊಳ್ಳಬೇಕು ಎಂದು ಯಾರೋ ಒಬ್ಬರು ಒಂದು ಕಚೇರಿಯಲ್ಲಿ ಕೂತು ಲೆಕ್ಕ ಹಾಕುತ್ತಾರೆ. ಜನರಿಗೆ ಜ್ವರ ಬರುತ್ತದೆ, ತಾಯಂದಿರು ಸಾಯುತ್ತಾರೆ, ಮಕ್ಕಳಿಗೆ ಪರೀಕ್ಷೆ ಇರುತ್ತದೆ ಎಂಬುದು ಆ ಲೆಕ್ಕದಲ್ಲಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ಅಪ್ಪನ ಆ ದಿನದ ಹಣೆಬರಹ ಅಜ್ಜಿ ಹೋಗುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದು ಕಡತದಲ್ಲಿ ಬರೆದಾಗಿತ್ತು. ನೀವು ಈಗ ಕೂತಿರುವುದು ಅಂಥ ಕಡತಗಳು ಹುಟ್ಟುವ ಮೇಜಿನ ಮುಂದೆ.

ಇನ್ನೊಂದು ಡಿಪೋದ ಕಥೆಯನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಅಪ್ಪನಿಗೆ ಸಮಾಧಾನವಾಗುವುದಿಲ್ಲ. ಕೊನೆಯ ಏಳೆಂಟು ವರ್ಷ ಅವರು ಕೆಲಸ ಮಾಡಿದ ಡಿಪೋದಲ್ಲಿ ಡ್ಯೂಟಿ ಹಾಕುತ್ತಿದ್ದವರೊಬ್ಬರು ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ನಿಗಮ ಕೊಟ್ಟದ್ದಲ್ಲ, ತಾವೇ ಅಂಗಡಿಯಲ್ಲಿ ಕೊಂಡದ್ದು. ಅದರಲ್ಲಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಪುಟ. ಇವರ ಮಗಳಿಗೆ ಎಸ್ಸೆಸ್ಸೆಲ್ಸಿ ಯಾವ ವರ್ಷ, ಇವರ ಊರಿನ ಜಾತ್ರೆ ಯಾವ ಮಾಸದಲ್ಲಿ, ಇವರ ಹೆಂಡತಿಗೆ ಡಯಾಲಿಸಿಸ್ ಯಾವ ವಾರ, ಇವರಿಗೆ ಸಕ್ಕರೆ ಕಾಯಿಲೆ ಇದೆ, ಮಧ್ಯಾಹ್ನ ಊಟ ತಪ್ಪಿಸುವ ಶೆಡ್ಯೂಲು ಹಾಕಬಾರದು. ಜಾತ್ರೆಗೆ ಹದಿನೈದು ದಿನ ಮೊದಲೇ ಅವರು ಕರೆದು, ‘ನಿಮ್ಮೂರ ತೇರಿಗೆ ಹೋಗೋದಿಲ್ವಾ? ಅರ್ಜಿ ಕೊಡಿ, ಆಮೇಲೆ ಬಂದು ಗೋಳಾಡಬೇಡಿ’ ಎನ್ನುತ್ತಿದ್ದರಂತೆ. ಆ ಡಿಪೋದಲ್ಲೂ ಸ್ಪೇರ್ ಡ್ರೈವರುಗಳು ರಾಶಿ ಬಿದ್ದಿರಲಿಲ್ಲ. ಆದರೆ ಅಲ್ಲಿ ಹೇಳದೆ ಕೇಳದೆ ಗೈರಾಗುವವರು ಕಡಿಮೆ ಇದ್ದರು ಎಂದು ಅಪ್ಪ ಹೇಳುತ್ತಾರೆ. ಬೇಕಾದ ದಿನ ರಜೆ ಸಿಗುತ್ತದೆ ಎಂಬ ನಂಬಿಕೆ ಇದ್ದವನು ಸುಳ್ಳು ಜ್ವರದ ಚೀಟಿ ತರುವುದಿಲ್ಲ. ಡ್ಯೂಟಿ ಹಾಕುತ್ತಿದ್ದ ಅವರು ನಿವೃತ್ತರಾದ ದಿನ ನೋಟ್‌ಬುಕ್ಕನ್ನು ಮುಂದಿನವರಿಗೆ ಕೊಡಲು ಹೋದರು, ಮುಂದಿನವರಿಗೆ ಅದು ಬೇಕಾಗಲಿಲ್ಲ. ಈ ಮಾತು ಹೇಳುವಾಗ ಅಪ್ಪನ ದನಿ ಇಳಿಯುತ್ತದೆ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಅದು ಒಬ್ಬರ ಒಳ್ಳೆಯತನವಾಗಿ ಉಳಿಯಿತೇ ಹೊರತು ಪದ್ಧತಿಯಾಗಲಿಲ್ಲ. ಆ ನೋಟ್‌ಬುಕ್ಕನ್ನು ಪದ್ಧತಿ ಮಾಡುವುದು ಹೇಗೆ ಎಂದು ಬರೆದರೆ ನಿಮ್ಮ ಟಿಪ್ಪಣಿ ಮುಕ್ಕಾಲು ಪಾಲು ಮುಗಿದಂತೆ.

ಇದು ಬರೀ ಭಾವನೆಯ ಮಾತು ಎಂದು ಮೇಲಿನವರು ಬದಿಗಿಟ್ಟಾರು. ಅದಕ್ಕೆ ನಿಮ್ಮ ಕೈಯಲ್ಲಿರಲಿ ಎಂದು ಬಸ್ಸಿನದೇ ಒಂದು ವಿಷಯ ಹೇಳುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆ ಸಂಸ್ಥೆಯ ಸುಮಾರು 31,000 ನೌಕರರ ಆರೋಗ್ಯದ ದಾಖಲೆ ಹಿಡಿದು ಕೂತರು. 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಅದು ಅಚ್ಚಾಯಿತು. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಆದರೂ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು, ಕಂಡಕ್ಟರುಗಳಿಗೆ ಕಡಿಮೆ. ಡಬಲ್ ಡೆಕರ್ ಬಸ್ಸಿನ ಕಂಡಕ್ಟರ್ ದಿನಕ್ಕೆ ಐನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುತ್ತಿದ್ದ, ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಿದ್ದ. ದುಡಿಮೆಯಲ್ಲಿ ಮೈ ಓಡಾಡುವುದಕ್ಕೂ ಹೃದಯಕ್ಕೂ ನಂಟಿದೆ ಎಂದು ಜಗತ್ತಿಗೆ ಮೊದಲು ಗಟ್ಟಿಯಾಗಿ ಹೇಳಿದ ಅಧ್ಯಯನಗಳಲ್ಲಿ ಅದೊಂದು. ಅದು ಅಷ್ಟು ಸರಳವಾಗಿಯೂ ಇರಲಿಲ್ಲ. 1956ರಲ್ಲಿ ಅದೇ ತಂಡ ನೌಕರರಿಗೆ ಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರುಗಳದ್ದಕ್ಕಿಂತ ಹೆಚ್ಚು, ಅದೂ ಕೆಲಸಕ್ಕೆ ಸೇರುವಾಗಲೇ. ಅಂದರೆ ವ್ಯತ್ಯಾಸದ ಒಂದು ಪಾಲು ಕೆಲಸಕ್ಕೆ ಮೊದಲೇ ಮೈಯಲ್ಲಿತ್ತು. ದರ್ಜಿಯ ಅಳತೆಪುಸ್ತಕದಿಂದ ಮನುಷ್ಯರ ಆರೋಗ್ಯ ಓದಿದ ಆ ಜಾಣ್ಮೆ ನನಗೆ ಬಹಳ ಇಷ್ಟ. ನಿಮ್ಮ ಶಾಖೆಯಲ್ಲೂ ಅಂಥ ಪುಸ್ತಕಗಳು ಬೇಕಾದಷ್ಟಿರುತ್ತವೆ. ರಜೆಯ ರಿಜಿಸ್ಟರು, ಗೈರುಹಾಜರಿಯ ಪಟ್ಟಿ, ವೈದ್ಯಕೀಯ ಬಿಲ್ಲುಗಳು. ಶಿಕ್ಷೆ ಕೊಡುವುದಕ್ಕೆಂದೇ ತೆಗೆಯುವ ಆ ಕಡತಗಳನ್ನು ಒಮ್ಮೆ ವೈದ್ಯರ ಕಣ್ಣಿನಿಂದ ಓದಿ.

ಲಂಡನ್ನಿನಲ್ಲೇ ನಡೆದ ಇನ್ನೊಂದು ಅಧ್ಯಯನ ನಿಮಗೆ ಇದಕ್ಕಿಂತ ಹತ್ತಿರದ್ದು. ಅಲ್ಲಿನ ಸರ್ಕಾರಿ ಕಚೇರಿಗಳಿರುವ ರಸ್ತೆಯ ಹೆಸರು ವೈಟ್‌ಹಾಲ್. 1967ರಿಂದ ಅಲ್ಲಿನ ಸುಮಾರು 18,000 ಗಂಡಸು ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ದೊಡ್ಡ ಸಾಹೇಬರಿಗೆ ಹೊಣೆ ಹೆಚ್ಚು, ಒತ್ತಡ ಹೆಚ್ಚು, ಹೃದಯಾಘಾತವೂ ಅವರಿಗೇ ಹೆಚ್ಚು ಎಂದು ಜನ ನಂಬಿದ್ದರು. ಕಂಡದ್ದು ತಿರುಗುಮುರುಗು. ಬಾಗಿಲು ಕಾಯುವವರು, ಕಡತ ಹೊರುವ ಜವಾನರು ಸಾಯುತ್ತಿದ್ದ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರದ ದೊಡ್ಡ ಪಾಲಿಗೆ ಕಾರಣ ಸಿಗಲಿಲ್ಲ. ಮೈಕೆಲ್ ಮಾರ್ಮಟ್ ಎಂಬ ವೈದ್ಯರು 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು ಹೆಂಗಸರನ್ನು ಸೇರಿಸಿಕೊಂಡು ಎರಡನೇ ಸುತ್ತು ಶುರುಮಾಡಿದರು. ಆಗ ತಿಳಿದುಬಂದ ಸಂಗತಿಗಳಲ್ಲಿ ಮುಖ್ಯವಾದದ್ದು ಇದು: ತನ್ನ ಕೆಲಸದ ಮೇಲೆ ತನಗೆ ಯಾವ ಹಿಡಿತವೂ ಇಲ್ಲದವರಿಗೆ, ಯಾವಾಗ ಏನು ಮಾಡಬೇಕೆಂಬುದರಲ್ಲಿ ತನ್ನ ಮಾತೇ ನಡೆಯದವರಿಗೆ, ಹೃದಯದ ಕಾಯಿಲೆ ಹೆಚ್ಚು.

ಇದನ್ನು ಮೊದಲು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಗೋಡೆಗೊರಗಿ ನಿಂತ ಅಪ್ಪ. ಬಸ್ಸು ಓಡಿಸುವುದು ಅವರಿಗೆ ಯಾವತ್ತೂ ಕಷ್ಟವಾಗಿರಲಿಲ್ಲ, ಘಾಟಿಯ ಮಂಜಿನಲ್ಲೂ. ನಾಳೆ ಏನೆಂದು ಗೊತ್ತಿಲ್ಲದೆ ನಿಲ್ಲುವುದು ಕಷ್ಟವಾಗಿತ್ತು.

ನಮ್ಮಲ್ಲಿ ಏನೂ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ, ನೀವೂ ಹಾಗೆ ಬರೆಯಬೇಡಿ. 2024ರ ನವೆಂಬರಿನಲ್ಲಿ ನೆಲಮಂಗಲದ ಕಡೆಯಿಂದ ದಾಸನಪುರಕ್ಕೆ ಬರುತ್ತಿದ್ದ ಬಿಎಂಟಿಸಿ ಬಸ್ಸಿನಲ್ಲಿ ಡ್ರೈವರಿಗೆ ಸ್ಟೇರಿಂಗ್ ಮುಂದೆಯೇ ಹೃದಯಾಘಾತವಾಯಿತು. ಕಂಡಕ್ಟರ್ ಹಾರಿ ಬಂದು ಸ್ಟೇರಿಂಗ್ ಹಿಡಿದು ಬಸ್ಸು ನಿಲ್ಲಿಸಿದರು, ಪ್ರಯಾಣಿಕರು ಉಳಿದರು, ಡ್ರೈವರ್ ಉಳಿಯಲಿಲ್ಲ. ಆ ದೃಶ್ಯವನ್ನು ನಾಡೇ ನೋಡಿತು. ನಮ್ಮ ಮನೆಯಲ್ಲಿ ಅವತ್ತು ಯಾರೂ ಊಟ ಮಾಡಲಿಲ್ಲ. ಇಂಥದ್ದನ್ನು ತಡೆಯಲೆಂದು ನಿಗಮಗಳು ಜಯದೇವ ಹೃದ್ರೋಗ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಸಿಬ್ಬಂದಿಯ ಹೃದಯ ತಪಾಸಣೆ ಮಾಡಿಸುತ್ತಿವೆ. ಕೆಎಸ್‌ಆರ್‌ಟಿಸಿ 2022ರ ಕೊನೆಯಲ್ಲಿ ಸಿಬ್ಬಂದಿಗೆ 1 ಕೋಟಿ ರೂಪಾಯಿಯ ಅಪಘಾತ ವಿಮೆ ತಂದಿತು, 2025ರ ಜನವರಿಯಲ್ಲಿ ‘ಕೆಎಸ್‌ಆರ್‌ಟಿಸಿ ಆರೋಗ್ಯ’ ಎಂಬ ನಗದುರಹಿತ ಚಿಕಿತ್ಸೆಯ ಯೋಜನೆಯನ್ನೂ ಶುರುಮಾಡಿತು. ಆಸ್ಪತ್ರೆ ಬಾಗಿಲಲ್ಲಿ ಮುಂಗಡ ಕಟ್ಟಲು ಒಡವೆ ಅಡವಿಟ್ಟ ಮನೆಗಳಿಗೆ ಇದರ ಬೆಲೆ ಗೊತ್ತು. ನಮ್ಮದೂ ಅಂಥ ಮನೆ. ಅಮ್ಮನ ಬಳೆ ಎರಡು ಸಲ ಹೋಗಿ ಬಂತು, ಮೂರನೇ ಸಲ ಬರಲಿಲ್ಲ.

ಕಷ್ಟ ಬಂದ ಮೇಲೆ ಕೈಹಿಡಿಯುವುದರಲ್ಲಿ ನಮ್ಮ ನಾಡಿಗೆ ಹಳೆಯ ಅಭ್ಯಾಸವಿದೆ. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ತಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಈಗಿನ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. ಆದರೆ ವಿಮೆ, ಚಿಕಿತ್ಸೆ, ಪರಿಹಾರ, ಅನುಕಂಪದ ನೌಕರಿ ಎಲ್ಲವೂ ಕಾಯಿಲೆ ಬಂದ ಮೇಲಿನವು ಅಥವಾ ಸತ್ತ ಮೇಲಿನವು. ಕಾಯಿಲೆ ಬರುವುದು ಯಾವ ಗಂಟೆಯಲ್ಲಿ, ಯಾವ ಸೀಟಿನಲ್ಲಿ, ಎಷ್ಟು ಹೊತ್ತು ಮೂತ್ರ ಕಟ್ಟಿಕೊಂಡು ಕೂತಿದ್ದರಿಂದ ಎಂದು ಕೇಳುವ ಅಭ್ಯಾಸ ನಮಗೆ ಇನ್ನೂ ಆಗಿಲ್ಲ.

ಮೂತ್ರದ ಮಾತು ಬಂತು, ಸಂಕೋಚ ಬೇಡ, ಟಿಪ್ಪಣಿಯಲ್ಲಿ ಅದನ್ನು ದಪ್ಪಕ್ಷರದಲ್ಲೇ ಬರೆಯಿರಿ. ಅಪ್ಪ ಲೈನಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಎಲ್ಲಿ ಇಳಿಯುವುದು? ಐವತ್ತು ಜನ ಹಿಂದೆ ಕೂತಿರುತ್ತಾರೆ, ಟೈಮ್ ಓಡುತ್ತಿರುತ್ತದೆ. ಮೂತ್ರಪಿಂಡದ ಕಲ್ಲು ಡ್ರೈವರುಗಳ ಮನೆಗಳಲ್ಲಿ ನೆಂಟರಂತೆ ಬಂದುಹೋಗುತ್ತಿತ್ತು. ಬಾಳೆದಿಂಡಿನ ಪಲ್ಯ ನಮ್ಮಲ್ಲಿ ಔಷಧಿಯಾಗಿಯೇ ಆಗುತ್ತಿತ್ತು. ಗಂಡಸರದ್ದು ಇಷ್ಟಾದರೆ ಲೇಡಿ ಕಂಡಕ್ಟರುಗಳದ್ದು ಯೋಚಿಸಿ. ನನ್ನ ಪರಿಚಯದ ಒಬ್ಬರು ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಒಂದೂವರೆಗೆ ದೊಡ್ಡ ಬಸ್‌ಸ್ಟ್ಯಾಂಡಿಗೆ ಬರುವವರೆಗೆ ಬಾಯಿ ಒದ್ದೆ ಮಾಡಿಕೊಳ್ಳುವುದಷ್ಟೇ, ಕುಡಿಯುವುದಿಲ್ಲ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೇ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿದಾಗ ಅವರು ನನಗೆ ಫೋನ್ ಮಾಡಿ, ‘ನೋಡಿ, ಗುಜರಿಗೆ ಹೋಗೋ ಗಾಡಿಗೂ ಒಂದು ಒಳ್ಳೇ ಡ್ಯೂಟಿ ಬಿತ್ತು’ ಎಂದು ಖುಷಿಪಟ್ಟರು. ಅಂಥ ಬಸ್ಸು ಪ್ರತಿ ಹಳ್ಳಿಯ ಕೊನೇ ಸ್ಟಾಪಿಗೂ ಬರುವುದಿಲ್ಲ, ನಿಜ. ಆದರೆ ಯಾವ ರೂಟಿನ ಕೊನೆಯಲ್ಲಿ ಶೌಚಾಲಯವಿದೆ, ಯಾವುದರಲ್ಲಿ ಇಲ್ಲ ಎಂಬ ಪಟ್ಟಿಯನ್ನಾದರೂ ನಿಮ್ಮ ಶಾಖೆ ಮಾಡಬಹುದು. ಹೆಂಗಸರಿಗೆ ಡ್ಯೂಟಿ ಹಾಕುವಾಗ ಆ ಪಟ್ಟಿ ಬೋರ್ಡಿನ ಪಕ್ಕದಲ್ಲಿರಬಹುದು.

ಹೊಸದಾಗಿ ಬಂದಿರುವ ಋತುಚಕ್ರದ ರಜೆಯ ಬಗ್ಗೆಯೂ ಕೇಳಿದ್ದಿರಿ. ವರ್ಷಕ್ಕೆ 12 ದಿನ ಸಂಬಳಸಹಿತ ರಜೆಗೆ ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ರಜೆ ಕಚೇರಿಯಲ್ಲಿ ಕೂತವರಿಗೆ ಸಿಕ್ಕಷ್ಟು ಸುಲಭವಾಗಿ ಬೆಳಗಿನ ಐದರ ಗಾಡಿಯ ಕಂಡಕ್ಟರಿಗೆ ಸಿಗುತ್ತದೆಯೇ? ನಾಲ್ಕಕ್ಕೆ ಫೋನ್ ಮಾಡಿ ‘ಇವತ್ತು ಆಗುವುದಿಲ್ಲ’ ಎಂದರೆ ಆ ಕಡೆಯ ದನಿ ಹೇಗಿರುತ್ತದೆ? ಅಜ್ಜಿಯ ದಿನದ ಪ್ರಶ್ನೆಯೇ ಮತ್ತೆ ಬರುತ್ತದೆ, ಸ್ಪೇರ್ ಎಲ್ಲಿ ಎಂದು. ರಜೆಯ ಆದೇಶದ ಜೊತೆಗೇ ಬದಲಿ ಸಿಬ್ಬಂದಿಯ ಲೆಕ್ಕವೂ ಹೋಗದಿದ್ದರೆ, ಒಬ್ಬಳ ರಜೆ ಇನ್ನೊಬ್ಬಳ ಡಬಲ್ ಡ್ಯೂಟಿಯಾಗುತ್ತದೆ. ಆಗ ರಜೆ ತೆಗೆದುಕೊಂಡವಳು ಸಹೋದ್ಯೋಗಿಗಳ ಮುಖ ನೋಡಲು ಅಳುಕುತ್ತಾಳೆ. ಮುಂದಿನ ತಿಂಗಳು ತೆಗೆದುಕೊಳ್ಳುವುದಿಲ್ಲ.

ಕಾನೂನಿನ ಪುಸ್ತಕ ತೆರೆದರೆ ಇವೆಲ್ಲ ಹೊಸ ಬೇಡಿಕೆಗಳೇ ಅಲ್ಲ. ಕೆಎಸ್‌ಆರ್‌ಟಿಸಿ ಹುಟ್ಟಿದ 1961ರಲ್ಲೇ ಕೇಂದ್ರದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ, ರಾತ್ರಿ ತಂಗುವಲ್ಲಿ ವಿಶ್ರಾಂತಿ ಕೋಣೆ ಎಂದೆಲ್ಲ ಅದರಲ್ಲಿ ಬರೆದಿದ್ದರು. ಅಪ್ಪನಿಗೆ ಇದನ್ನು ಓದಿ ಹೇಳಿದಾಗ ವಿಶ್ರಾಂತಿ ಕೋಣೆ ಎಂಬಲ್ಲಿ ತಡೆದರು. ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಅವರಿಗೆ ವರ್ಷಗಟ್ಟಲೆ ನೈಟ್ ಹಾಲ್ಟ್ ಇತ್ತು. ಕೋಣೆ ಇರಲಿಲ್ಲ. ಬೇಸಿಗೆಯಲ್ಲಿ ಶಾಲೆಯ ಜಗುಲಿ, ಮಳೆಗಾಲದಲ್ಲಿ ಬಸ್ಸಿನ ಉದ್ದದ ಸೀಟು, ಸೋರುವ ಕಡೆ ಬಕೆಟ್ಟು. ಹಳ್ಳಿಯವರು ಸರದಿಯ ಮೇಲೆ ಊಟ ಕೊಡುತ್ತಿದ್ದರು. ಒಂದು ಮನೆಯಿಂದ ಅಕ್ಕಿ ಕಡುಬು, ಇನ್ನೊಂದರಿಂದ ಕಳಲೆ ಪಲ್ಯ, ಜಿಟಿಜಿಟಿ ಮಳೆಗೆ ಹೊಗೆ ಹಿಡಿದ ಬಿಸಿನೀರು. ಬೆಳಗಿನ ಬಸ್ಸು ತಪ್ಪದೆ ಹೊರಟರೆ ತಮ್ಮ ಮಕ್ಕಳು ಕಾಲೇಜು ಮುಟ್ಟುತ್ತಾರೆ ಎಂದು ಆ ತಾಯಂದಿರಿಗೆ ಗೊತ್ತಿತ್ತು. ಡ್ರೈವರ್ ನಿದ್ದೆ ಮಾಡಿದ್ದಾನೋ ಇಲ್ಲವೋ ಎಂಬುದು ತಮ್ಮ ಮಕ್ಕಳ ಜೀವದ ಪ್ರಶ್ನೆ ಎಂದು ಅವರು ಯಾವ ತರಬೇತಿಯೂ ಇಲ್ಲದೆ ತಿಳಿದಿದ್ದರು. ಒಬ್ಬ ಅಜ್ಜಿ ರಾತ್ರಿ ಬಂದು ಬಸ್ಸಿನ ಕಿಟಕಿಗೆ ಹಳೇ ಕಂಬಳಿ ಕಟ್ಟಿ ಹೋಗುತ್ತಿದ್ದರಂತೆ, ಗಾಳಿ ಬಡಿಯದಿರಲಿ ಎಂದು. ಅಪ್ಪ ನಿವೃತ್ತರಾದಾಗ ಆ ಹಳ್ಳಿಯಿಂದ ಒಂದು ಮೂಟೆ ಅಕ್ಕಿ ಬಂತು.

ಸಾಮಾಜಿಕ ಹೊಣೆ ಎಂಬ ಮಾತನ್ನು ನಿಮ್ಮ ತರಬೇತಿಯಲ್ಲಿ ಹೇಗೆ ವಿವರಿಸಿದರೋ ನಾನರಿಯೆ. ನನಗೆ ಅದರ ಅರ್ಥ ಹೊಳೆಯುವುದು ಆ ಕಂಬಳಿಯಿಂದ.

ಈಗಿನ ಬಸ್ಸಿನೊಳಗೆ ಬನ್ನಿ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಶುರುವಾಯಿತು, 2025ರ ಜುಲೈಯಲ್ಲಿ 500 ಕೋಟಿ ಉಚಿತ ಟಿಕೆಟ್ಟಿನ ಸಂಭ್ರಮ ನಡೆಯಿತು. ಆ ಯೋಜನೆಯಿಂದ ತವರಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗತೊಡಗಿದ ಹೆಂಗಸರನ್ನು ನಾನು ದಿನವೂ ನೋಡುತ್ತೇನೆ, ಅದು ಬಂದದ್ದು ಒಳ್ಳೆಯದೇ ಆಯಿತು. ಆದರೆ ಸೊನ್ನೆ ರೂಪಾಯಿಯ ಆ ಪ್ರತಿ ಟಿಕೆಟ್ಟನ್ನೂ ಒಬ್ಬ ಕಂಡಕ್ಟರ್ ಕಿಕ್ಕಿರಿದ ಬಸ್ಸಿನಲ್ಲಿ ನುಗ್ಗಿ, ಗುರುತಿನ ಚೀಟಿ ನೋಡಿ, ಮಿಷನ್ನಿನಲ್ಲಿ ಒತ್ತಿ ಹರಿದು ಕೊಟ್ಟಿದ್ದಾರೆ. ಎರಡು ವರ್ಷದಲ್ಲಿ 500 ಕೋಟಿ. ಅಷ್ಟು ದೊಡ್ಡ ಜನಹಿತದ ಕೆಲಸ ಹೇಳುವಾಗ ಫಲಾನುಭವಿಗಳ ಲೆಕ್ಕ ಬರುತ್ತದೆ, ಖರ್ಚಿನ ಲೆಕ್ಕ ಬರುತ್ತದೆ. ಆ ಬೆರಳುಗಳ, ಆ ಗಂಟಲಿನ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಸೀಟು ಮೀರಿ ಎಂಬತ್ತು ಜನ ಹತ್ತಿದಾಗ ಒಬ್ಬರಿಗೆ ಟಿಕೆಟ್ ಕೊಡುವುದು ತಪ್ಪಿ, ಅಷ್ಟರಲ್ಲಿ ಚೆಕಿಂಗಿನವರು ಹತ್ತಿದರೆ ಮೆಮೊ ಬೀಳುವುದು ಕಂಡಕ್ಟರಿಗೆ. ಯೋಜನೆ ಮಾಡುವಾಗಲೇ ಅದನ್ನು ನಡೆಸುವ ಕೈಗಳಿಗೆ ಎಷ್ಟು ಭಾರ ಎಂದು ತೂಗಿ ನೋಡುವುದು ನಿಮ್ಮ ಶಾಖೆಯ ಕೆಲಸವಾಗಬೇಕು. ಶಾಖೆಯನ್ನು ಆ ಮೇಜಿಗೆ ಕರೆಯುವುದೇ ಇಲ್ಲ ಎನ್ನುತ್ತೀರಿ. ಕರೆಯದಿದ್ದರೂ ಬರೆದು ಕಳಿಸಿ.

ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳನ್ನು ನೀವು ಹತ್ತಿದ್ದೀರಲ್ಲ. ಆ ಬಸ್ಸಿನಲ್ಲಿ ಕಂಡಕ್ಟರ್ ನಿಗಮದವರು, ಡ್ರೈವರ್ ಗುತ್ತಿಗೆ ಕಂಪನಿಯವರು. ಒಂದೇ ಟ್ರಾಫಿಕ್ಕು, ಒಂದೇ ಹೊಗೆ, ಒಂದೇ ಪ್ರಯಾಣಿಕರ ಬೈಗುಳ. ಅರ್ಧ ಹಾದಿಯಲ್ಲಿ ಏನಾದರೂ ಆದರೆ ಒಬ್ಬರ ಮನೆಗೆ ನಿಗಮದ ವಿಮೆಯಿದೆ, ಇನ್ನೊಬ್ಬರು ಆ ಪುಸ್ತಕದಲ್ಲೇ ಇಲ್ಲ. ಪ್ರಯಾಣಿಕರ ಕಣ್ಣಿಗೆ ಇಬ್ಬರೂ ಸರ್ಕಾರಿ ಬಸ್ಸಿನವರೇ. ಗುತ್ತಿಗೆಯ ಕರಾರಿನಲ್ಲಿ ಗಾಡಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು, ಓಡದಿದ್ದರೆ ದಂಡವೆಷ್ಟು ಎಂದು ಬರೆಯುವ ಕೈಯೇ, ಆ ಡ್ರೈವರಿಗೆ ಎಷ್ಟು ನಿದ್ದೆ ಸಿಗಬೇಕು ಎಂದೂ ಬರೆಯಬಹುದು. ನಿಮ್ಮ ಟಿಪ್ಪಣಿಯಲ್ಲಿ ‘ಸಿಬ್ಬಂದಿ’ ಎಂಬ ಪದ ಬರುವ ಕಡೆಯೆಲ್ಲ ಇವರನ್ನೂ ಸೇರಿಸಿ. ಇದಕ್ಕೆ ವಿರೋಧ ಬರುತ್ತದೆ, ಬರಲಿ.

ಸಂಬಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2025ರ ಆಗಸ್ಟ್ 5ರಂದು ಮುಷ್ಕರದಲ್ಲಿ ಬಸ್ಸು ನಿಂತದ್ದು 38 ತಿಂಗಳ ಹಿಂಬಾಕಿಯೂ ಸೇರಿದ ಬೇಡಿಕೆಗಳಿಗೆ. ದುಡಿದ ದುಡ್ಡಿಗೆ ವರ್ಷಗಟ್ಟಲೆ ಕಾಯಿಸಿ ಯೋಗ ಶಿಬಿರ ನಡೆಸಿದರೆ ಯಾರ ರಕ್ತದೊತ್ತಡವೂ ಇಳಿಯುವುದಿಲ್ಲ.

ಇನ್ನೊಂದು ಮಾತಿದೆ. ನಮ್ಮ ಸಂವಿಧಾನದ 42ನೇ ವಿಧಿ ಕೆಲಸದ ಸ್ಥಿತಿ ನ್ಯಾಯವಾಗಿಯೂ ಮಾನವೀಯವಾಗಿಯೂ ಇರಬೇಕು ಎನ್ನುತ್ತದೆ, ಅದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. 1976ರಲ್ಲಿ ಸೇರಿದ 43ಎ ವಿಧಿಯನ್ನು ಹೇಳುವವರು ಕಡಿಮೆ. ಆಡಳಿತದಲ್ಲಿ ಕಾರ್ಮಿಕರೂ ಭಾಗಿಗಳಾಗುವಂತೆ ರಾಜ್ಯ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಡಿಪೋದಲ್ಲಿ ಇದರ ಅರ್ಥ ಬಹಳ ಸರಳ. ಒಂದು ರೂಟಿನ ರನ್ನಿಂಗ್ ಟೈಮ್ ಗೊತ್ತುಮಾಡುವಾಗ ಆ ರೂಟಿನಲ್ಲಿ ಹತ್ತು ವರ್ಷ ಗಾಡಿ ಓಡಿಸಿದವನನ್ನು ಕೂರಿಸಿಕೊಳ್ಳುವುದು. ಹೊಸ ಸಿಗ್ನಲ್ಲು ಬಂದಿದೆ, ಸಂತೆಯ ದಿನ ಪೇಟೆ ಬೀದಿ ದಾಟಲು ಇಪ್ಪತ್ತು ನಿಮಿಷ ಬೇಕು, ಮಳೆಗಾಲದಲ್ಲಿ ಆ ತಿರುವಿನಲ್ಲಿ ಎರಡನೇ ಗೇರ್ ಮೀರಿ ಹೋಗಬಾರದು, ಇದು ಅವನಿಗೆ ಗೊತ್ತು, ಕಾಗದದಲ್ಲಿ ಇಲ್ಲ. ಕಾಗದದ ಟೈಮಿಗೆ ಓಡಿಸಲು ಹೋದಾಗ ಕೊನೇ ಸ್ಟಾಪಿನ ಹತ್ತು ನಿಮಿಷ ಮೊದಲು ಹೋಗುತ್ತದೆ, ಆಮೇಲೆ ಊಟ ಹೋಗುತ್ತದೆ, ಆಮೇಲೆ ತಾಳ್ಮೆ. ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಡ್ರೈವರನ್ನು ನಾವೆಲ್ಲ ಶಪಿಸಿದ್ದೇವೆ. ಅವನ ಆ ದಿನದ ಹತ್ತು ನಿಮಿಷ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಬೇಕಲ್ಲ.

ಟಿಪ್ಪಣಿ ಬರೆಯುವ ಮೊದಲು ಒಂದು ದಿನ, ಯಾರಿಗೂ ಹೇಳದೆ, ಮೊದಲ ಗಾಡಿ ಹತ್ತಿ ಕೊನೆಯವರೆಗೆ ಹೋಗಿ ಬನ್ನಿ. ಅಧಿಕಾರಿಯ ಹಾಗೆ ಮುಂದಿನ ಸೀಟಿನಲ್ಲಿ ಬೇಡ, ಕಂಡಕ್ಟರ್ ನಿಲ್ಲುವ ಕಡೆ ನಿಂತು ಹೋಗಿ. ನೀರಿನ ಬಾಟಲಿ ಒಯ್ಯಿರಿ, ಎಷ್ಟು ಕುಡಿದಿರಿ ಎಂದು ಸಂಜೆ ನೋಡಿಕೊಳ್ಳಿ.

ಅಪ್ಪ ಊರಿನಿಂದ ಮೊನ್ನೆ ಬಂದರು. ನಿವೃತ್ತರಾಗಿ ಇಷ್ಟು ವರ್ಷವಾದರೂ ಮೂರೂವರೆಗೆ ಎಚ್ಚರಾಗುತ್ತಾರೆ, ದೀಪ ಹಾಕದೆ ಹಾಸಿಗೆಯ ಮೇಲೆ ಕೂತಿರುತ್ತಾರೆ, ನಮ್ಮ ನಿದ್ದೆ ಕೆಡಬಾರದೆಂದು. ನಿಮ್ಮ ಪತ್ರವನ್ನು ನಿಧಾನವಾಗಿ ಓದಿ ಹೇಳಿದೆ. ತರಬೇತಿಯ ವಿಷಯ, ಟಿಪ್ಪಣಿಯ ವಿಷಯ ಎಲ್ಲ ಕೇಳಿಸಿಕೊಂಡರು. ‘ಒಳ್ಳೇ ಹುಡುಗಿ, ಬರೆಯಲಿ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿಲ್ಲ, ನಿಮ್ಮನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ.

ನಿಮ್ಮ ಡಿಪೋಗಳಲ್ಲಿ ಈಗ ಡ್ಯೂಟಿ ಬೋರ್ಡು ಎಷ್ಟು ಗಂಟೆಗೆ ಹಾಕುತ್ತಾರೆ? ತಿಳಿದು ಬರೆಯಿರಿ. ಅವರು ಕಾಯುತ್ತಿದ್ದಾರೆ.

ಪ್ರೀತಿಯಿಂದ,
ನಿಮ್ಮ ಗೆಳತಿ